ಊರು ಕಳೆದುಕೊಂಡ ವರಹ: ನಾಣ್ಯಸಂಗ್ರಹ ಮತ್ತು ಕನ್ನಡ ಅಧ್ಯಯನ

ಬಳ್ಳಾರಿ ಜಿಲ್ಲೆಯ ಬಾದನಹಟ್ಟಿ ಇಂದು ಕುರುಗೋಡು ತಾಲ್ಲೂಕಿಗೆ ಸೇರಿದ ಗ್ರಾಮ. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಬಲ್ಲಕುಂದೆ ಮುನ್ನೂರನ್ನು ಆಳುತ್ತಿದ್ದ ಸಿಂದರ ರಾಜಧಾನಿಯಾಗಿತ್ತು. ಈ ಸೀಮೆಯ ಕನ್ನಡ ಶಾಸನಗಳಲ್ಲಿ ಬಹುಪಾಲು, ಮದರಾಸು ಪ್ರಾಂತದ ಕನ್ನಡ ಶಾಸನಗಳಿಗಾಗಿಯೇ ಮೀಸಲಾದ ದಕ್ಷಿಣ ಭಾರತ ಶಾಸನ ಸಂಪುಟಗಳ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಗಿವೆ. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾಯರು ಸಂಪಾದಿಸಿದ ಆ ಸಂಪುಟದ ಮೊದಲ ಭಾಗ 1939ರಲ್ಲಿ ಹೊರಬಂದಿತು. ಅದರ ಪುಟಗಳನ್ನು ತಿರುವಿದವರಿಗೆ ಗದ್ಯಾಣ, ಪಣ, ಹಾಗ, ವೀಸ ಮುಂತಾದ ಮಾತುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ನಂದಾದೀವಿಗೆಗೆ ಇಷ್ಟು, ನೈವೇದ್ಯಕ್ಕೆ ಇಷ್ಟು, ಪೇರು ಒಂದಕ್ಕೆ ಸುಂಕ ಇಷ್ಟು ಎಂದು ಕಲ್ಲಿನ ಮೇಲೆ ಲೆಕ್ಕ ಬರೆದವರು, ಓದುವವನಿಗೆ ಆ ನಾಣ್ಯಗಳ ಪರಿಚಯವಿದೆಯೆಂದೇ ಭಾವಿಸಿದ್ದರು. ಇಂದಿನ ಓದುಗನಿಗೆ ಆ ಪರಿಚಯವಿಲ್ಲ. ನಿಘಂಟು ತೆರೆದರೆ ಹಾಗವೆಂದರೆ ಪಣದ ಕಾಲುಭಾಗ, ವೀಸವೆಂದರೆ ಹದಿನಾರನೆಯ ಒಂದು ಭಾಗ ಎಂಬ ಅರ್ಥ ಸಿಗುತ್ತದೆ. ವಿದ್ಯಾರ್ಥಿಯ ಅರಿವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆ ಗದ್ಯಾಣ ಯಾವ ಕಮ್ಮಟದಲ್ಲಿ ಹುಟ್ಟಿತು, ಎಷ್ಟು ತೂಗುತ್ತಿತ್ತು, ಅದರ ಮೈಮೇಲೆ ಏನಿತ್ತು ಎಂಬ ಪ್ರಶ್ನೆಗಳು ನಾಣ್ಯಶಾಸ್ತ್ರದವರ ಪಾಲಿಗೆ ಸೇರಿದವೆಂದು ಕನ್ನಡ ವಿಭಾಗಗಳು ಸುಮ್ಮನಿರುತ್ತವೆ. ನಾಣ್ಯಶಾಸ್ತ್ರದ ಕಡೆಗೆ ಹೋದರೆ ನಾಣ್ಯವಿರುತ್ತದೆ, ಆದರೆ ಅದು ಯಾವ ಊರಿನ ಮಣ್ಣಿನಿಂದ ಬಂದಿತೆಂಬುದು ಹೆಚ್ಚಿನ ವೇಳೆ ಗೊತ್ತಿರುವುದಿಲ್ಲ. ಹೀಗೆ ಹೆಸರುಳ್ಳ ಲೆಕ್ಕ ಒಂದು ಕಡೆ, ಊರಿಲ್ಲದ ಲೋಹ ಇನ್ನೊಂದು ಕಡೆ ಉಳಿದುಬಿಟ್ಟಿದೆ.

ಈ ಕೊರತೆಯ ಆಳ ತಿಳಿಯಬೇಕಾದರೆ ಹೊರಗಿನ ಒಂದು ನಿದರ್ಶನವನ್ನು ನೋಡುವುದು ಉಪಯುಕ್ತ. ಅಮೆರಿಕ ಸಂಯುಕ್ತ ಸಂಸ್ಥಾನವು 1792ರ ನಾಣ್ಯ ಶಾಸನದ ಮೂಲಕ ತನ್ನ ಬೆಳ್ಳಿಯ ಡಾಲರಿನ ತೂಕವನ್ನು 416 ಗ್ರೇನ್ ಎಂದು ಗೊತ್ತುಪಡಿಸಿತು. ಇದು ಹೆಚ್ಚುಕಡಿಮೆ 27 ಗ್ರಾಂ. ಮೊದಲ ಡಾಲರುಗಳು 1794ರ ಅಕ್ಟೋಬರ್ 15ರಂದು ಫಿಲಡೆಲ್ಫಿಯದ ಟಂಕಸಾಲೆಯಿಂದ ಹೊರಬಂದವು; ಅಂದು ಒಪ್ಪಿಸಲಾದ ನಾಣ್ಯಗಳ ಸಂಖ್ಯೆ 1,758. ಸಂಖ್ಯೆ ಇಷ್ಟು ಖಚಿತವಾಗಿ ತಿಳಿದಿರುವುದಕ್ಕೆ ಕಾರಣ ಟಂಕಸಾಲೆಯ ಕಡತಗಳು ಉಳಿದಿರುವುದು. ಕೆದರಿದ ಕೂದಲಿನ ಸ್ವಾತಂತ್ರ್ಯದೇವಿಯ ಚಿತ್ರವುಳ್ಳ ಈ ಮಾದರಿ ಎರಡೇ ವರ್ಷ ನಡೆಯಿತು. ಬಳಿಕ ವಸ್ತ್ರ ಹೊದ್ದ ಎದೆಮಟ್ಟದ ದೇವಿಯ ಮಾದರಿ ಬಂದಿತು. ಈ ಡಾಲರುಗಳನ್ನು ಸಂಗ್ರಹಿಸುವವರು ವರ್ಷಕ್ಕೊಂದು ನಾಣ್ಯವೆಂದು ಕೂಡಿಸಿ ತೃಪ್ತರಾಗುವವರಲ್ಲ. ಅಚ್ಚಿನ ಮೊಳೆಗಳನ್ನು ಆಗ ಒಂದೊಂದಾಗಿ ಕೈಯಿಂದ ಕೆತ್ತಿ ಸಿದ್ಧಪಡಿಸುತ್ತಿದ್ದುದರಿಂದ ನಕ್ಷತ್ರದ ಒಂದು ಮೊನೆ, ಅಂಕಿಯ ಒಂದು ಬಾಗು ಪ್ರತಿ ಮೊಳೆಯಲ್ಲಿಯೂ ಬೇರೆಯಾಗಿರುತ್ತದೆ. ಯಾವ ಮೇಲ್ಮೊಳೆಯು ಯಾವ ಕೆಳಮೊಳೆಯೊಡನೆ ಜೋಡಿಯಾಯಿತು ಎಂಬುದನ್ನು ಪಟ್ಟಿ ಮಾಡಿದ ಎಂ. ಎಚ್. ಬೋಲೆಂಡರನ ಗ್ರಂಥ 1950ರಲ್ಲಿ ಪ್ರಕಟವಾಯಿತು. ಅದನ್ನು ಬೆಳೆಸಿದ ಬೌವರ್ಸ್ ಮತ್ತು ಬೋರ್ಕಾರ್ಟರ ಸಂಖ್ಯೆಗಳು ಇಂದು ಚಾಲ್ತಿಯಲ್ಲಿವೆ. ಕನ್ನಡ ವಿದ್ಯಾರ್ಥಿಗೆ ಇದು ಅಪರಿಚಿತ ವಿಧಾನವೇನಲ್ಲ. ಹಸ್ತಪ್ರತಿಗಳ ಪಾಠಾಂತರ ಗುರುತಿಸಿ ಪ್ರತಿಗಳ ಕುಲವೃಕ್ಷ ಬಿಡಿಸುವ ಗ್ರಂಥಸಂಪಾದನೆಯೇ ಲೋಹದ ಮೇಲೆ ನಡೆದಂತಿದೆ. ಇದರ ಜೊತೆಗೆ, ಪ್ರಮುಖ ನಾಣ್ಯ ಒಂದೊಂದರ ಒಡೆತನದ ಪರಂಪರೆಯನ್ನೂ ಅವರು ಬರೆದಿಡುತ್ತಾರೆ. ಯಾರ ಕೈಯಿಂದ ಯಾರ ಕೈಗೆ ಎಂದು ಹೋಯಿತು ಎಂಬ ಸರಪಣಿ ಇಲ್ಲದ ನಾಣ್ಯಕ್ಕೆ ಅಲ್ಲಿ ಗೌರವ ಕಡಿಮೆ.

ಈ ಶಿಸ್ತು ಏಕೆ ಬೇಕಾಯಿತೆಂಬುದಕ್ಕೆ 1804ನೆಯ ಇಸವಿಯ ಡಾಲರಿನ ಕಥೆಯೇ ಸಾಕು. ಆ ವರ್ಷ 19,570 ಡಾಲರುಗಳನ್ನು ಹಾಕಲಾಯಿತೆಂದು ಟಂಕಸಾಲೆಯ ಲೆಕ್ಕ ಹೇಳುತ್ತದೆ. ಆದರೆ ಅವೆಲ್ಲ ಹಳೆಯ ಮೊಳೆಗಳಿಂದ ಒತ್ತಿದವು, ಹಿಂದಿನ ಇಸವಿಯನ್ನೇ ಹೊತ್ತವು. 1804 ಎಂಬ ಅಂಕಿಯುಳ್ಳ ಡಾಲರು ಮೊದಲು ಹುಟ್ಟಿದ್ದು ಮೂವತ್ತು ವರ್ಷಗಳ ಅನಂತರ, 1834ರಲ್ಲಿ. ಪೂರ್ವದೇಶಗಳ ಅರಸರಿಗೆ ಉಡುಗೊರೆಯಾಗಿ ನಾಣ್ಯಗಳ ಸಂಪುಟಗಳನ್ನು ಕಳುಹಿಸಬೇಕೆಂದು ಸರ್ಕಾರ ನಿಶ್ಚಯಿಸಿದಾಗ, ಕಡತದಲ್ಲಿ ಕೊನೆಯ ಡಾಲರಿನ ವರ್ಷ 1804 ಎಂದಿದ್ದುದನ್ನು ನೋಡಿ ಟಂಕಸಾಲೆಯವರು ಅದೇ ಅಂಕಿಯ ಹೊಸ ಮೊಳೆ ಕೆತ್ತಿದರು. ರಾಯಭಾರಿ ಎಡ್ಮಂಡ್ ರಾಬರ್ಟ್ಸನು ಅವನ್ನು ಮಸ್ಕತ್ತಿನ ಸುಲ್ತಾನನಿಗೂ ಸಯಾಮಿನ ಅರಸನಿಗೂ ತಲುಪಿಸಿದನು. ಮುಂದೆ ಶ್ರೀಮಂತ ಸಂಗ್ರಾಹಕರ ಆಸೆಗಾಗಿ ಅದೇ ಟಂಕಸಾಲೆಯ ಒಳಗಿನಿಂದಲೇ ಇನ್ನೂ ಕೆಲವು ಪ್ರತಿಗಳು ಹುಟ್ಟಿದವು. ಇಂದು ತಿಳಿದಿರುವ ಪ್ರತಿಗಳಲ್ಲಿ ಒಂದಾದರೂ 1804ರದಲ್ಲ. ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ ಅವರು ಇದನ್ನು ಕಡತಗಳ ಆಧಾರದಿಂದ ಬಯಲಿಗೆಳೆದ ಗ್ರಂಥ 1962ರಲ್ಲಿ ಸಿದ್ಧವಾಗುತ್ತಿದ್ದಾಗಲೇ, ಸಯಾಮಿನ ಅರಸನ ಸಂಪುಟವೂ ಬೆಳಕಿಗೆ ಬಂದಿತು. ನಾಣ್ಯದ ಮೇಲಿನ ಅಂಕಿ ಸುಳ್ಳು ಹೇಳಿದಾಗ ಅದನ್ನು ಹಿಡಿದದ್ದು ಪತ್ರಾಗಾರ. ಆದರೂ ಈ ನಾಣ್ಯದ ಬೆಲೆ ಕುಸಿಯಲಿಲ್ಲ, ಬದಲಾಗಿ ಏರಿತು. ಮಸ್ಕತ್ತಿನ ಸುಲ್ತಾನನಿಗೆ ಸಂದದ್ದೆಂದು ನಂಬಲಾದ ಪ್ರತಿ 1999ರಲ್ಲಿ ನಲವತ್ತೊಂದು ಲಕ್ಷ ಡಾಲರುಗಳನ್ನು ಮೀರಿ ಮಾರಾಟವಾಯಿತು. ಸುಳ್ಳು ಬಯಲಾದ ಮೇಲೆ ಆ ಸುಳ್ಳಿನ ಚರಿತ್ರೆಗೇ ಬೆಲೆ ಬಂದಿತೆನ್ನಬೇಕು.

ಆ ಡಾಲರುಗಳಿಗೂ ಕುರುಗೋಡಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಬೆಳ್ಳಿಯದು. ಅಮೆರಿಕದ ಡಾಲರು ಸ್ಪೇನಿನ ಡಾಲರಿನ ಮಾದರಿಯಲ್ಲಿ ಹುಟ್ಟಿದುದು. ಮೆಕ್ಸಿಕೊ ಮತ್ತು ಪೆರುವಿನ ಗಣಿಗಳ ಬೆಳ್ಳಿಯಿಂದಾದ ಸ್ಪೇನಿನ ಡಾಲರೇ ಆ ಕಾಲದ ಸಮುದ್ರವ್ಯಾಪಾರದ ನಾಣ್ಯ. ಅಮೆರಿಕದ ಹೊಸ ಡಾಲರುಗಳೂ ಹುಟ್ಟಿದಷ್ಟೇ ಬೇಗ ದೇಶದಿಂದ ಹೊರಕ್ಕೆ ಹರಿದುಹೋಗುತ್ತಿದ್ದುದರಿಂದ 1806ರಲ್ಲಿ ಅವುಗಳ ತಯಾರಿಕೆಯನ್ನೇ ನಿಲ್ಲಿಸುವಂತೆ ಆಜ್ಞೆಯಾಯಿತು. ಇದೇ ವೇಳೆಗೆ, 1800ರಲ್ಲಿ, ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದನು. ದತ್ತಮಂಡಲವೆಂದು ಹೆಸರಾದ ಈ ನಾಡಿಗೆ ಥಾಮಸ್ ಮನ್ರೊ 1800ರಿಂದ 1807ರವರೆಗೆ ಪ್ರಧಾನ ಕಲೆಕ್ಟರನಾಗಿದ್ದು ಕಂದಾಯವನ್ನು ವರಹಗಳಲ್ಲಿಯೇ ಎಣಿಸಿದನು. 80 ಕಾಸಿಗೆ ಒಂದು ಫಣಂ, 42 ಫಣಂಗೆ ಒಂದು ನಕ್ಷತ್ರ ವರಹ, ಒಂದು ವರಹಕ್ಕೆ ಮೂರೂವರೆ ರೂಪಾಯಿ ಎಂಬುದು ಮದರಾಸಿನ ಲೆಕ್ಕ. ಕಂಪನಿಯು 1807ರ ಸುಮಾರಿಗೆ ಮದರಾಸಿನ ಟಂಕಸಾಲೆಯನ್ನು ಹೊಸ ಯಂತ್ರಗಳೊಡನೆ ಸುಧಾರಿಸಿ ಬೆಳ್ಳಿಯ ಅರ್ಧ ವರಹವನ್ನು ಹೊರಡಿಸಿತು. ಒಂದು ಬದಿಯಲ್ಲಿ ನಕ್ಷತ್ರಗಳ ನಡುವೆ ಗೋಪುರ, ಇನ್ನೊಂದು ಬದಿಯಲ್ಲಿ ವಿಷ್ಣು. ಇವುಗಳಲ್ಲಿ ಕೆಲವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೋಪುರದ ಅಡಿಯಲ್ಲಿ ಅಳಿಸಿಹೋಗದ ಹಳೆಯ ಸ್ಪ್ಯಾನಿಷ್ ಅಕ್ಷರಗಳು ಕಾಣುತ್ತವೆ. ಅಂದರೆ ಡಾಲರನ್ನು ಕರಗಿಸುವ ಗೋಜಿಗೂ ಹೋಗದೆ ಅದರ ಮೇಲೆಯೇ ವರಹವನ್ನು ಒತ್ತಲಾಗಿತ್ತು.

ಈ ಅರ್ಧ ವರಹದ ಮೇಲಿನ ಲಿಪಿಗಳನ್ನು ಕನ್ನಡಿಗರು ಗಮನಿಸಬೇಕು. ಅದರ ಮೇಲೆ ಇಂಗ್ಲಿಷ್ ಇದೆ, ಪಾರಸಿ ಇದೆ, ತಮಿಳು ಇದೆ, ತೆಲುಗು ಇದೆ. ಕನ್ನಡವಿಲ್ಲ. ಬಳ್ಳಾರಿಯಂತಹ ಕನ್ನಡ ಸೀಮೆಯ ರೈತನು ಕಂದಾಯ ಕಟ್ಟಿದ ಪ್ರಾಂತದ ನಾಣ್ಯದ ಮೇಲೆ ಅವನ ನುಡಿಗೆ ಎಡೆಯಿರಲಿಲ್ಲ. ಆ ಕಾಲಕ್ಕೆ ತೆಲುಗು ಮತ್ತು ಕನ್ನಡ ಲಿಪಿಗಳ ಅಂತರ ಅಷ್ಟೇನೂ ಇರಲಿಲ್ಲವಾದ್ದರಿಂದ ಅವನು ಅದನ್ನು ಓದಿಕೊಂಡಿರಬಹುದು ಎಂಬುದು ಸಮಾಧಾನದ ಮಾತು. ಅದೇ ವರ್ಷಗಳಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂಬ ಕನ್ನಡ ಬರಹ ಕಂಗೊಳಿಸುತ್ತಿತ್ತು. ಹಾಗೆಂದು ಮದರಾಸಿನ ನಾಣ್ಯದಲ್ಲಿ ಕನ್ನಡವು ಪೂರ್ತಿಯಾಗಿ ಇಲ್ಲವೆನ್ನುವಂತಿಲ್ಲ. ಅದರ ಪಾರಸಿ ಬರಹದಲ್ಲಿ ವರಹಕ್ಕೆ ಬಳಸಿರುವ ಪದ ‘ಹೂನ್’. ಇದು ಕನ್ನಡದ ‘ಹೊನ್ನು’ ಎಂಬುದರ ಪಾರಸಿ ರೂಪ. ಚಿನ್ನಕ್ಕೂ ಚಿನ್ನದ ನಾಣ್ಯಕ್ಕೂ ಒಂದೇ ಆಗಿದ್ದ ಈ ಮಾತನ್ನು ದಖ್ಖನಿನ ಸುಲ್ತಾನರ ದಫ್ತರುಗಳು ಎತ್ತಿಕೊಂಡವು. ಅಲ್ಲಿಂದ ಅದು ಮೊಗಲರ, ಕಂಪನಿಯವರ ಲೆಕ್ಕಪತ್ರಗಳಿಗೆ ಇಳಿಯಿತು. ಲಿಪಿ ಹೊರಗುಳಿದರೂ ಪದ ವೇಷ ಮರೆಸಿಕೊಂಡು ಒಳಹೊಕ್ಕ ಈ ಪ್ರಸಂಗ ಯಾವ ಭಾಷಾಚರಿತ್ರೆಯ ತರಗತಿಯಲ್ಲಿಯೂ ಪಾಠವಾಗಲು ಯೋಗ್ಯ. ಆದರೆ ಆ ನಾಣ್ಯ ಕನ್ನಡ ತರಗತಿಯ ಮೇಜಿನ ಮೇಲೆ ಬರುವುದು ಅಪರೂಪ.

ನಾಣ್ಯವನ್ನು ಪಠ್ಯವೆಂದು ಓದುವುದರಿಂದ ದೊರೆಯುವ ಲಾಭಕ್ಕೆ ಇನ್ನೂ ಹಳೆಯ ಉದಾಹರಣೆಗಳುಂಟು. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಳಂಬವಾಡಿಗೊಂಡ’ ಎಂಬ ಕನ್ನಡ ಬರಹಗಳಿವೆ. ಅರಸನ ಹೆಸರೇ ಇಲ್ಲ. ಗೆದ್ದ ನಾಡಿನ ಹೆಸರೂ, ಕೊಳ್ಳು ಎಂಬ ಧಾತುವಿನ ಕೃದಂತವೂ ಸಮಾಸವಾಗಿ ಬಿರುದಾಗಿವೆ. ಹಳಗನ್ನಡ ವ್ಯಾಕರಣದ ವಿದ್ಯಾರ್ಥಿ ಚಂಪೂಕಾವ್ಯಗಳಲ್ಲಿ ಹುಡುಕುವ ಪ್ರಯೋಗ ಇಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಕೂತಿದೆ. ನೊಳಂಬವಾಡಿಯೆಂದರೆ ಇಂದಿನ ಚಿತ್ರದುರ್ಗ, ಅನಂತಪುರಗಳೊಡನೆ ಬಳ್ಳಾರಿಯ ಭಾಗಗಳನ್ನೂ ಒಳಗೊಂಡಿದ್ದ ನಾಡು. ಆದ್ದರಿಂದ ಎರಡನೆಯ ನಾಣ್ಯ ಈ ಸೀಮೆಯ ಸೋಲನ್ನೇ ಸಾರುವ ಪತ್ರ. ಹಾಗೆಯೇ ಶಾಸನಗಳ ‘ಲೊಕ್ಕಿಗದ್ಯಾಣ’ವು ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿಯ ಕಮ್ಮಟದಿಂದ ಹೆಸರು ಪಡೆದುದು. ಡಾಲರೆಂಬ ಹೆಸರು ಕೂಡ ಬೊಹೇಮಿಯದ ಯೋವಾಕಿಂಸ್ತಾಲ್ ಎಂಬ ಗಣಿಯೂರಿನಿಂದ, ಅಲ್ಲಿನ ‘ತಾಲರ್’ ನಾಣ್ಯದ ಮೂಲಕ ಬಂದುದು. ಎರಡೂ ಊರಿನ ಹೆಸರನ್ನು ಹೊತ್ತು ಲೋಕಸಂಚಾರ ಮಾಡಿದ ನಾಣ್ಯಗಳು. ಒಂದು ಇಂದಿಗೂ ಜಗತ್ತಿನ ಬಾಯಲ್ಲಿದೆ, ಇನ್ನೊಂದು ಶಾಸನಸಂಪುಟದ ಪದಸೂಚಿಯಲ್ಲಿದೆ.

ಬರಹ ಮತ್ತು ನಾಣ್ಯಗಳು ಕೈಹಿಡಿದು ನಡೆದರೆ ಏನಾಗುತ್ತದೆಂಬುದಕ್ಕೆ ಅತ್ಯುತ್ತಮ ನಿದರ್ಶನ ವಿಜಯನಗರದ್ದು. 1443ರಲ್ಲಿ ಬಂದ ಅಬ್ದುರ್ ರಜಾಕನು ವರಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗವಾದ ಫಣಂ, ಬೆಳ್ಳಿಯ ತಾರ, ತಾಮ್ರದ ಜಿತಲ್ ಎಂದು ನಾಣ್ಯಶ್ರೇಣಿಯನ್ನು ಲೆಕ್ಕವಿಟ್ಟು ಹೇಳಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇನ್ನೂ ಸೂಕ್ಷ್ಮವಾದ ಸಂಗತಿಯೊಂದನ್ನು ದಾಖಲಿಸಿದ್ದಾನೆ. ಹಿಂದಿನ ನಾಣ್ಯಗಳ ಮೇಲೆ ಎರಡು ವಿಗ್ರಹಗಳಿದ್ದವು, ಈ ಅರಸನು ಹಾಕಿಸಿದವುಗಳ ಮೇಲೆ ಒಂದೇ ವಿಗ್ರಹವಿದೆ ಎಂಬುದು ಅವನ ಮಾತಿನ ತಾತ್ಪರ್ಯ. ನಾಣ್ಯಗಳನ್ನು ಎದುರಿಗಿಟ್ಟುಕೊಂಡರೆ ಇದು ಅಕ್ಷರಶಃ ನಿಜ. ಹಿಂದಿನ ಅರಸರ ವರಹಗಳ ಮೇಲೆ ಉಮಾಮಹೇಶ್ವರರಂತಹ ದಂಪತಿಗಳಿದ್ದರೆ, ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ನಾಗರಿ ಬರಹವುಳ್ಳ ಪ್ರಸಿದ್ಧ ವರಹದ ಮೇಲೆ ಒಬ್ಬನೇ ಕುಳಿತಿದ್ದಾನೆ. ಅವನನ್ನು ಬಾಲಕೃಷ್ಣನೆಂದು ಬಹುಮಟ್ಟಿಗೆ ಗುರುತಿಸಲಾಗಿದೆ. ಉದಯಗಿರಿಯ ಗೆಲುವಿನ ಬಳಿಕ ಅಲ್ಲಿಂದ ತಂದು ಹಂಪಿಯ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಿಸಿದ ವಿಗ್ರಹದೊಡನೆ ಈ ಚಿತ್ರಕ್ಕೆ ನಂಟು ಕಲ್ಪಿಸುವುದು ಸಹಜವಾಗಿದೆ. ಪ್ರವಾಸಿಯ ಒಂದು ವಾಕ್ಯ, ಒಂದು ದೇವಾಲಯದ ಶಾಸನ, ಅಂಗೈಯಲ್ಲಿ ಅಡಗುವ ಮೂರೂವರೆ ಗ್ರಾಂ ಚಿನ್ನ, ಈ ಮೂರೂ ಒಂದೇ ಮಾತು ಆಡುತ್ತವೆ.

ಗಣಿತಗ್ರಂಥಗಳನ್ನೂ ಈ ಸಾಲಿಗೆ ಸೇರಿಸಬೇಕು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಚಿನ್ನ, ಬೆಳ್ಳಿಗಳಿಗೆ ಬೇರೆ ಬೇರೆ ತೂಕದ ಕೋಷ್ಟಕ ಕೊಟ್ಟು, ವಿವಿಧ ಬಣ್ಣದ ಚಿನ್ನಗಳನ್ನು ಬೆರೆಸುವ ಲೆಕ್ಕಗಳನ್ನು ಸುವರ್ಣ ಕುಟ್ಟೀಕಾರವೆಂಬ ಹೆಸರಿನಲ್ಲಿ ವಿಸ್ತರಿಸಿದ್ದಾನೆ. ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯನ ವ್ಯವಹಾರಗಣಿತವೂ ಇದೆ. ಇವನ್ನು ಸಾಮಾನ್ಯವಾಗಿ ಗಣಿತದ ಚರಿತ್ರೆಗೆ ಬಿಟ್ಟುಕೊಡಲಾಗಿದೆ. ಗದ್ಯಾಣದ ತೂಕವನ್ನು ತಕ್ಕಡಿಯಲ್ಲಿಟ್ಟು ಈ ಕೋಷ್ಟಕಗಳ ಪಕ್ಕದಲ್ಲಿ ಓದುವ ಕೆಲಸಕ್ಕೆ ಕನ್ನಡದ ಸಂಶೋಧನಾರ್ಥಿಗಳು ಇನ್ನೂ ಧಾರಾಳವಾಗಿ ಬರಬಹುದು.

ಇಷ್ಟೆಲ್ಲ ಸಾಧ್ಯವಾಗಬೇಕಾದರೆ ನಾಣ್ಯಕ್ಕೆ ಊರಿರಬೇಕು. ಬಾದನಹಟ್ಟಿಯ ಎರೆಹೊಲವೊಂದರಲ್ಲಿ ನೇಗಿಲ ಮೊನೆಗೆ ಒಂದು ಮಡಕೆ ತಾಗಿ, ಒಳಗೆ ಹತ್ತು ವರಹಗಳಿದ್ದವೆಂದು ಊಹಿಸಿಕೊಳ್ಳಬಹುದು. ಆ ಹತ್ತು ಒಟ್ಟಿಗೆ ಇರುವವರೆಗೆ ಅವು ಒಂದು ದಾಖಲೆ. ಯಾವ ಅರಸನ ನಾಣ್ಯ ಯಾವುದರ ಜೊತೆಗೆ ಚಲಾವಣೆಯಲ್ಲಿತ್ತು, ಯಾವುದು ಸವೆದಿತ್ತು, ಯಾವುದು ಹೊಸದಾಗಿತ್ತು, ಕೊನೆಯದಾಗಿ ಯಾವ ನಾಣ್ಯ ಸೇರಿದ ಮೇಲೆ ಮಡಕೆ ನೆಲ ಸೇರಿತು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದೆ. ನಾಲ್ಕು ಅಕ್ಕಸಾಲೆಯ ಕುಲುಮೆಗೆ, ಮೂರು ಬೆಂಗಳೂರಿನ ವ್ಯಾಪಾರಿಗೆ, ಮೂರು ಮನೆಯ ಪೆಟ್ಟಿಗೆಗೆ ಹೋದ ದಿನ ಆ ದಾಖಲೆ ಮುಗಿಯಿತು. ಉಳಿದ ನಾಣ್ಯ ಎಷ್ಟೇ ಥಳಥಳಿಸಿದರೂ ಅದು ಕೃಷ್ಣದೇವರಾಯನ ಇನ್ನೊಂದು ವರಹ ಮಾತ್ರ, ಅಂತಹವು ಈಗಾಗಲೇ ಸಾಕಷ್ಟಿವೆ. ಇದಕ್ಕೆ ವಿರುದ್ಧವಾಗಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ನಡೆಸಿದ ಉತ್ಖನನಗಳಲ್ಲಿ ಶಾತವಾಹನ ಮತ್ತು ರೋಮನ್ ನಾಣ್ಯಗಳು ಪದರದೊಡನೆ ದೊರೆತುದರಿಂದ ಅಕ್ಕಪಕ್ಕದ ಮಡಕೆಚೂರುಗಳಿಗೂ ಕಾಲನಿರ್ಣಯ ಸಾಧ್ಯವಾಯಿತು. ಅಲ್ಲಿನ ಸವೆದ ಬೆಳ್ಳಿಯ ತುಣುಕು ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಬಾಳೀತೆಂಬುದು ಬೇರೆ ಮಾತು.

ತಪ್ಪೆಲ್ಲ ಹೊಲದವನ ಮೇಲೆ ಹೊರಿಸುವುದು ಸುಲಭ, ಆದರೆ ನ್ಯಾಯವಲ್ಲ. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರನಿಗೆ ತಿಳಿಸಬೇಕು. ಸರ್ಕಾರ ಅದನ್ನು ಇಟ್ಟುಕೊಳ್ಳಬಯಸಿದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕು. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ನಿಧಿ ಕಾಯಿದೆ ಬಂದರೂ ನಿಧಿಯೆಂದರೆ ಕಚೇರಿ, ಪಂಚನಾಮೆ, ಹೊಲಕ್ಕೆ ಪೋಲೀಸರು ಎಂಬ ಹಳ್ಳಿಯ ಭಯ ಕರಗಲಿಲ್ಲ. ನಾಣ್ಯವನ್ನು ಲೋಹವೆಂದು ತೂಗುವ ಕಾಯಿದೆಯ ಮುಂದೆ, ಹೊಲದವನೂ ಅದನ್ನು ಲೋಹವೆಂದೇ ತೂಗಿದರೆ ಅಚ್ಚರಿಯೇನು? ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯಿದೆಯು ಮಾರುಕಟ್ಟೆಯ ಪೂರ್ಣ ಬೆಲೆಯನ್ನು ಕೊಡುವ ಏರ್ಪಾಡು ಮಾಡಿತು. ಮರುವರ್ಷ ಆರಂಭವಾದ ಯೋಜನೆಯೊಂದು, ನಿಧಿಯಲ್ಲದ ಬಿಡಿ ನಾಣ್ಯ ಸಿಕ್ಕವರೂ ತಾವೇ ಬಂದು ಸ್ಥಳವನ್ನು ಬರೆಯಿಸಿ ನಾಣ್ಯವನ್ನು ಮನೆಗೆ ಒಯ್ಯುವ ಪದ್ಧತಿಯನ್ನು ರೂಢಿಸಿತು. ಅಲ್ಲಿಯೂ ಕಳ್ಳ ಅಗೆತ ನಿಂತಿಲ್ಲ, ಆದರೆ ನಕ್ಷೆಯ ಮೇಲೆ ಲಕ್ಷಾಂತರ ಚುಕ್ಕಿಗಳು ಬಿದ್ದಿವೆ.

ಸಂಗ್ರಾಹಕರ ಮೇಲೆ ವಿದ್ವಾಂಸರು ತೋರುವ ಅಸಡ್ಡೆಯೂ ಪರಿಶೀಲನೆಗೆ ಅರ್ಹ. ದಕ್ಷಿಣದ ನಾಣ್ಯಗಳ ಮೊದಲ ವ್ಯವಸ್ಥಿತ ಗ್ರಂಥವನ್ನು 1880ರ ದಶಕದಲ್ಲಿ ಕೊಟ್ಟ ವಾಲ್ಟರ್ ಎಲಿಯಟ್ ಅಧಿಕಾರಿಯಾಗಿದ್ದು ಹವ್ಯಾಸದಿಂದ ಸಂಗ್ರಾಹಕನಾದವನು. 1975ರಲ್ಲಿ ಕರ್ನಾಟಕದ ನಾಣ್ಯಗಳ ಮೇಲೆ ಗ್ರಂಥ ಬರೆದ ಎ. ವಿ. ನರಸಿಂಹಮೂರ್ತಿಯವರಂತಹ ವಿದ್ವಾಂಸರಿಗೆ ಖಾಸಗಿ ಸಂಗ್ರಹಗಳನ್ನು ಬಿಟ್ಟು ಬರೆಯುವುದು ಸಾಧ್ಯವೂ ಇರಲಿಲ್ಲ. ಮ್ಯೂಸಿಯಮ್ಮುಗಳ ಬೀರುವಿನಲ್ಲಿ ಬೀಗದೊಳಗೆ ಮಲಗಿರುವ ನಾಣ್ಯಕ್ಕಿಂತ, ದಿನವೂ ಭೂತಗನ್ನಡಿ ಹಿಡಿದು ನೋಡುವ ಸಂಗ್ರಾಹಕನ ಅಂಗೈಯ ನಾಣ್ಯ ಹೆಚ್ಚು ಮಾತನಾಡಿದೆ. ಆಕ್ಷೇಪವಿರುವುದು ಸಂಗ್ರಹಕ್ಕಲ್ಲ, ಸಂಗ್ರಹದ ಮೌನಕ್ಕೆ. ಅಮೆರಿಕದ ಸಂಗ್ರಾಹಕನು ತನ್ನ ಡಾಲರಿನ ಮೊಳೆಜೋಡಿಯ ಸಂಖ್ಯೆ ಹೇಳಲಾರದಿದ್ದರೆ ನಾಚಿಕೊಳ್ಳುತ್ತಾನೆ. ಇಲ್ಲಿ ವರಹ ಎಲ್ಲಿ ಸಿಕ್ಕಿತೆಂದು ಕೇಳಿದರೆ, ‘ಹಂಪಿ ಕಡೆಯದು’ ಎಂಬ ಉತ್ತರವನ್ನು ವ್ಯಾಪಾರಿಯೂ ಕೊಡುತ್ತಾನೆ, ಕೊಂಡವನೂ ಒಪ್ಪಿಕೊಳ್ಳುತ್ತಾನೆ. ಹಂಪಿಯ ಹೆಸರಿನಿಂದ ಬೆಲೆ ಏರುತ್ತದೆಯಾದ್ದರಿಂದ ಎಲ್ಲ ವರಹಗಳೂ ಹಂಪಿ ಕಡೆಯವೇ.

ಅರಿವಿಲ್ಲದ ಕಡೆ ಮೋಸ ಬೆಳೆಯುವುದು ಸ್ವಾಭಾವಿಕ. ಒಂದು ಬದಿಯಲ್ಲಿ ಕಂಪನಿಯ ಹೆಸರು, 1818 ಎಂಬ ಇಸವಿ, ಇನ್ನೊಂದು ಬದಿಯಲ್ಲಿ ರಾಮಪಟ್ಟಾಭಿಷೇಕವೋ ಹನುಮಂತನೋ ಇರುವ ತಾಮ್ರದ ಬಿಲ್ಲೆಗಳನ್ನು ಅಪೂರ್ವ ನಾಣ್ಯಗಳೆಂದು ಮಾರುವವರಿದ್ದಾರೆ. ಕಂಪನಿ ಅಂತಹ ನಾಣ್ಯವನ್ನು ಎಂದೂ ಹಾಕಿಸಲಿಲ್ಲ. ಅಕ್ಕಿ ಸೆಳೆಯುವ ದೈವಿಕ ಶಕ್ತಿ ಅವಕ್ಕಿದೆಯೆಂದು ನಂಬಿಸಿ ಹಣ ದೋಚಿದ ಪ್ರಕರಣಗಳು ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. 1804ರ ಡಾಲರಿನ ಸುಳ್ಳನ್ನು ಹಿಡಿಯಲು ಪತ್ರಾಗಾರ ಬೇಕಾಯಿತು. ಈ ಬಿಲ್ಲೆಯ ಸುಳ್ಳನ್ನು ಹಿಡಿಯಲು, ಕಂಪನಿಯ ನಿಜವಾದ ನಾಣ್ಯವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದರೆ ಸಾಕು.

ಇನ್ನೊಂದು ಬಗೆಯ ನಾಣ್ಯವನ್ನು ಸಂಗ್ರಾಹಕರೂ ವಿದ್ವಾಂಸರೂ ಸಮಾನವಾಗಿ ಕಡೆಗಣಿಸಿದ್ದಾರೆ. ಅದು ಕೊರಳಿಗೇರಿದ ನಾಣ್ಯ. ಕಾಸಿನ ಸರ, ಪುತಳಿ ಸರಗಳಿಗಾಗಿ ಕೊಂಡಿ ಬೆಸೆದ ವರಹಗಳು, ವೆನಿಸ್ಸಿನ ಡ್ಯುಕಟ್ಟುಗಳು ಕರ್ನಾಟಕದ ಮನೆಗಳಲ್ಲಿ ಈಗಲೂ ಉಳಿದಿವೆ. ಪುತಳಿಯೆಂಬ ಹೆಸರೇ ಆ ಡ್ಯುಕಟ್ಟಿನ ಮೇಲಿನ ಮನುಷ್ಯಾಕೃತಿಗಳಿಂದ ಬಂದುದೆನ್ನುತ್ತಾರೆ. ಕೊಂಡಿ ಬೆಸೆದ ಕಲೆಯಿದ್ದರೆ ಮಾರುಕಟ್ಟೆಯಲ್ಲಿ ನಾಣ್ಯದ ದರ್ಜೆ ಇಳಿಯುತ್ತದೆ. ಡಾಲರಿನ ಸಂಗ್ರಾಹಕರಲ್ಲಿಯೂ ಇದೇ ನಿಯಮ. ಅಧ್ಯಯನದ ಕಣ್ಣಿಗೆ ಆ ಕಲೆ ದೋಷವಾಗಬೇಕಾಗಿಲ್ಲ. ಕಂದಾಯವಾಗಿ ಹೋಗಬೇಕಿದ್ದ ಹೊನ್ನು ತಾಯಿಯಿಂದ ಮಗಳಿಗೆ ಬಂದ ಒಡವೆಯಾಯಿತೆಂಬುದು ಅದರ ಕಡೆಯ ಅಧ್ಯಾಯ. ಅದಕ್ಕೆ ಬಹುತೇಕ ಊರೂ ಇರುತ್ತದೆ, ಏಕೆಂದರೆ ಮನೆಯ ಹಿರಿಯ ಹೆಂಗಸಿಗೆ ಅದು ಯಾವ ತವರಿನಿಂದ ಬಂದಿತೆಂಬುದು ನೆನಪಿರುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಶೋಧನಾರ್ಥಿಯೋ ಬಳ್ಳಾರಿಯ ವಿಶ್ವವಿದ್ಯಾಲಯದವರೋ ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಜನಪದ ಹಾಡು ಸಂಗ್ರಹಿಸಲು ಹೋಗುವಾಗ ಒಂದು ಸಣ್ಣ ತಕ್ಕಡಿಯನ್ನೂ ಅಳತೆಪಟ್ಟಿಯನ್ನೂ ಚೀಲದಲ್ಲಿಟ್ಟುಕೊಳ್ಳಬಹುದು. ನಾಣ್ಯವನ್ನು ಕೇಳಬೇಕಾಗಿಲ್ಲ, ಅದನ್ನು ಕೊರಳಿನಿಂದ ತೆಗೆಸಿಕೊಂಡು ತೂಗಿ, ಎರಡೂ ಬದಿಯ ಚಿತ್ರ ತೆಗೆದು, ಯಾವ ಊರಿನಿಂದ ಬಂದಿತೆಂದು ಅವಳ ಮಾತಿನಲ್ಲಿಯೇ ಬರೆದುಕೊಂಡು ಮರಳಿ ಅವಳ ಕೈಗೆ ಕೊಟ್ಟರಾಯಿತು.